ನಾಲ್ಕು ಕೈ, ಐದು ಬ್ರೆಡ್ಡು

ಮಗುವಿಗೆ ವಾಂತಿ ಭೇದಿಯಾದದ್ದು ಒಂದೇ ಸಲ. ಅದರ ತಪ್ಪು ಮಾತ್ರ ಅಮ್ಮನ ತಲೆಯಿಂದ ತಿಂಗಳುಗಟ್ಟಲೆ ಇಳಿಯಲಿಲ್ಲ.

ಶಾಲೆಯ ಗೇಟಿನ ಮುಂದೆ ಮಾರುವ ಬಣ್ಣದ ಐಸ್‌ಕ್ಯಾಂಡಿ ತಿಂದು ಹೀಗಾಗಿದೆ ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಒಪ್ಪಲಿಲ್ಲ.

"ಐಸ್‌ಕ್ಯಾಂಡಿ ಬೀದಿ ಮಕ್ಕಳೆಲ್ಲ ತಿಂತವೆ. ಅವಕ್ಕೆ ಏನೂ ಆಗಲಿಲ್ಲ, ನಮ್ಮ ಮಗೂಗೇ ಯಾಕಾಯ್ತು? ಅದರ ಬಾಯಿಗೆ ತುತ್ತಿಡೋ ಕೈ ಎಲ್ಲೆಲ್ಲಿ ಹೋಗಿ ಬರುತ್ತೆ ಅಂತ ಯಾರಾದ್ರೂ ಕೇಳಿದ್ರಾ?"

ಆ ಕೈ ಹೋಗಿ ಬರುತ್ತಿದ್ದದ್ದು ಬಸ್ ನಿಲ್ದಾಣದ ಎದುರಿನ ಲಾಡ್ಜಿಗೆ. ಅಲ್ಲಿ ಅಮ್ಮ ಕೋಣೆಗಳನ್ನು ಶುಚಿ ಮಾಡುವ ಕೆಲಸಕ್ಕಿದ್ದಳು. ಹಾಸಿಗೆ ಬಟ್ಟೆ ಬದಲಿಸುವುದು, ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲುಂಡೆ ಎಳೆದು ತೆಗೆಯುವುದು, ಕುಡಿದವರು ಮೂಲೆಯಲ್ಲಿ ಕಕ್ಕಿ ಹೋದದ್ದನ್ನು ಒರೆಸುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೆಲ್ಲ ಅವಳೇ ತಮಾಷೆಯಾಗಿ ಹೇಳಿ ಮನೆಯವರನ್ನು ನಗಿಸಿದ್ದಳು. ಅಜ್ಜಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ಅದೇ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು ಸೊಸೆಯ ಮುಂದಿಡುತ್ತಿದ್ದಳು.

ಅಂದಿನಿಂದ ಅಮ್ಮ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಮಗಳ ಊಟದ ಡಬ್ಬಿ ಕಟ್ಟುವಂತಿರಲಿಲ್ಲ, ತಟ್ಟೆಗೆ ಬಡಿಸುವಂತಿರಲಿಲ್ಲ. ಅವಳ ಲೋಟ, ತಟ್ಟೆ ಕಿಟಕಿಯ ಪಕ್ಕದ ಗೂಡಿಗೆ ಹೋದವು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಕಕ್ಕಸು ಉಜ್ಜುವುದು ಮಾತ್ರ ಮೊದಲಿನಂತೆ ಅವಳ ಪಾಲಿಗೇ ಇದ್ದವು. ತಿಂದಿಟ್ಟ ಪಾತ್ರೆಗೆ ಆ ಕೈ ಆಗುತ್ತಿತ್ತು, ತುಂಬಿದ ಪಾತ್ರೆಗೆ ಆಗುತ್ತಿರಲಿಲ್ಲ. ತಿಂಗಳ ಕೊನೆಗೆ ಅದೇ ಕೈ ತಂದುಕೊಡುವ ಸಂಬಳಕ್ಕೆ ಯಾರೂ ಮೂಗು ಮುಚ್ಚಿಕೊಂಡವರಿಲ್ಲ.

ಅಪ್ಪನಿಗೆ ಟೈರ್ ಅಂಗಡಿ. ದಿನವಿಡೀ ಪಂಕ್ಚರ್ ಹಾಕಿ, ಸಂಜೆ ಬಂದು ಸೋಫಾದ ಮೇಲೆ ಬೀಳುತ್ತಿದ್ದ. ಹೆಂಡತಿ ದೂರು ಹೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು.

"ಸ್ವಲ್ಪ ದಿನ ತಡ್ಕೊಳ್ಳೇ. ವಯಸ್ಸಾದೋರು, ಎದುರು ಮಾತಾಡಿದ್ರೆ ಇನ್ನೂ ಹಟ ಹಿಡೀತಾರೆ."

"ನನ್ನ ಮಗಳಿಗೆ ಒಂದು ತುತ್ತು ಕೊಡೋಕೆ ನಾನು ಎಷ್ಟು ದಿನ ತಡ್ಕೋಬೇಕು ರೀ?"

"ಅವಳಿಗೆ ಊಟ ಸಿಗ್ತಿದೆ ತಾನೆ? ಯಾರು ಕೊಟ್ರೇನು?"

ಅಪ್ಪನ ತಮ್ಮ, ಅಂದರೆ ಚಿಕ್ಕಪ್ಪ, ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ತಲೆಗೆ ಜೆಲ್, ಜೇಬಿನಲ್ಲಿ ಸ್ಯಾನಿಟೈಸರ್. ಅವನು ಯಾವ ಕಡೆಗೂ ಸೇರದೆ, ಯಾವ ಕಡೆ ಬಿಸಿ ಅನ್ನ ಇದೆಯೋ ಆ ಕಡೆಗಿರುತ್ತಿದ್ದ.

ಮಗಳು ಮೂರನೇ ಕ್ಲಾಸು. ಮನೆಯಲ್ಲಿ ಅವಳಿಗೆ ಪಿಟೀಲು ಅಂತಲೇ ಹೆಸರು, ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆ ಅಂತ. ಆ ಸಂಜೆ ಅವಳು ಚೀಲದಿಂದ ಐದು ಬ್ರೆಡ್ ತುಂಡು, ಐದು ಪ್ಲಾಸ್ಟಿಕ್ ಕವರ್ ತೆಗೆದಿಟ್ಟುಕೊಂಡು ನೇರ ಅಡುಗೆಮನೆಗೆ ಹೋದಳು. ಅಜ್ಜಿ ಕುದಿಯುವ ಬೇಳೆ ಇಳಿಸಿ, ಮಸಿಬಟ್ಟೆಗೆ ಕೈ ಒರೆಸುತ್ತಿದ್ದಳು. ಆ ಬಟ್ಟೆಯ ಮೂಲ ಬಣ್ಣ ಯಾವುದೆಂದು ಅಜ್ಜಿಗೂ ಮರೆತುಹೋಗಿತ್ತು.

"ಅಜ್ಜಿ, ಇದನ್ನ ಒತ್ತು."

"ಯಾಕೇ?"

"ಶಾಲೇಲಿ ಪ್ರದರ್ಶನ ಇದೆ. ಅಪ್ಪ ಅಮ್ಮಂದಿರು, ಹೊರಗಿನೋರು ಎಲ್ಲ ಬರ್ತಾರೆ. ನಾವು ಕಲಿತಿದ್ದನ್ನ ನಾವೇ ನಿಂತು ಹೇಳ್ಬೇಕು. ಒಬ್ಬೊಬ್ಬರಿಗೆ ಒಂದೊಂದು. ನಂದು ಬ್ರೆಡ್ಡು. ಮನೇಲಿ ಒಬ್ಬೊಬ್ಬರದು ಒಂದೊಂದು ಥರದ ಕೈ. ನಿಂದು ಇದ್ದ ಹಾಗೇ ಒತ್ಬೇಕು, ತೊಳೀಬಾರ್ದು."

ಅಜ್ಜಿ ಒತ್ತಿದಳು. ಅಪ್ಪ ಬರೀ ನೀರಿನಲ್ಲಿ ಕೈ ತೊಳೆದು, ಪ್ಯಾಂಟಿಗೆ ಒರೆಸಿಕೊಂಡು ಒತ್ತಿದ. ಉಗುರು ಸಂದಿಯ ಗ್ರೀಸು ಹೋಗಿರಲಿಲ್ಲ. ಚಿಕ್ಕಪ್ಪ ಸ್ಯಾನಿಟೈಸರ್ ಉಜ್ಜಿಕೊಂಡು ಬೆರಳ ತುದಿಯಲ್ಲಿ ಮುಟ್ಟಿದ. ಒಂದು ತುಂಡನ್ನು ಯಾರೂ ಮುಟ್ಟಲಿಲ್ಲ. ಉಳಿದದ್ದನ್ನು ಹಿಡಿದು ಪಿಟೀಲು ಹಿತ್ತಿಲಿಗೆ ಓಡಿದಳು. ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

"ಅಮ್ಮ, ನಿಂದು ಸೋಪಿನ ಕೈ. ಸೋಪಿನ ಕೈದು ಕೆಡೋದೇ ಇಲ್ವಂತೆ, ಮಿಸ್ ಹೇಳಿದ್ರು. ಕೆಟ್ಟಿದ್ದು ಯಾರದ್ದು, ಕೆಡದೇ ಇರೋದು ಯಾರದ್ದು ಅಂತ ಪ್ರದರ್ಶನದಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಅಜ್ಜೀಗೂ."

ಅಮ್ಮ ಮಗಳ ಮುಖ ನೋಡಿದಳು. ಎಂಟು ವರ್ಷದ ಹುಡುಗಿ ಇಷ್ಟು ಯೋಚನೆ ಮಾಡಿ ಸೋಪನ್ನು ತನಗೇ ಇಟ್ಟಿದ್ದಾಳೆ. ಅವಳು ಎದ್ದು ಕೈಗೆ ಸೋಪು ಹಚ್ಚಿದಳು. ತೊಳೆದಳು. ಮತ್ತೆ ಹಚ್ಚಿದಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು ಎಲ್ಲ ಉಜ್ಜಿ ಇನ್ನೊಂದು ಸಲ ತೊಳೆದಳು. ಯಾವ ಬಟ್ಟೆಗಾದರೂ ಒರೆಸಿದರೆ ಅದರ ಕೊಳೆ ಎಲ್ಲಿ ಅಂಟುತ್ತದೋ ಎಂದು, ತೊಟ್ಟಿಕ್ಕುತ್ತಿದ್ದ ಅಂಗೈಯನ್ನು ಹಾಗೆಯೇ ಬ್ರೆಡ್ಡಿನ ಮೇಲೆ ಗಟ್ಟಿಯಾಗಿ ಒತ್ತಿದಳು. ಐದು ಬೆರಳೂ ಮೂಡಿದವು.

ಪಿಟೀಲು ಕವರಿನ ಮೇಲೆ ಚೀಟಿ ಅಂಟಿಸಿದಳು. ಅಮ್ಮ, ಸೋಪಿನ ಕೈ.

ಕವರುಗಳನ್ನು ತರಗತಿಯ ಕಿಟಕಿಗೆ ಅಡ್ಡಲಾಗಿ ಕಟ್ಟಿದ ದಾರಕ್ಕೆ ನೇತುಹಾಕಿದರು. ಅದರ ಸುದ್ದಿ ಪ್ರತಿದಿನ ಮನೆಗೆ ಬರತೊಡಗಿತು, ಅದೂ ಸರಿಯಾಗಿ ಊಟಕ್ಕೆ ಕೂತಾಗ.

"ಇವತ್ತು ಒಂದರ ಮೇಲೆ ಬಿಳಿ ಕೂದಲು ಬಂದಿದೆ. ಬೆಕ್ಕಿನ ಮರಿ ಹೊಟ್ಟೆ ಥರ."

"ಅನ್ನ ತಿನ್ನೋವಾಗ ಅದೇನು ಮಾತೇ," ಅಂದಳು ಅಜ್ಜಿ.

"ಇವತ್ತು ಕೂದಲ ತುದೀಲಿ ಕಪ್ಪು ಚುಕ್ಕೆ. ಕೆಳಗಡೆ ಹಳದಿ ನೀರು ಕೂತಿದೆ. ಕವರ್ ಅಲ್ಲಾಡಿಸಿದ್ರೆ ಅದೂ ಅಲ್ಲಾಡುತ್ತೆ, ಮೂಗಿಂದ ಬರುತ್ತಲ್ಲ, ಆ ಥರ."

ಚಿಕ್ಕಪ್ಪ ಮೊಟ್ಟೆಯ ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳಿದ. "ಅಣ್ಣ, ನಿನ್ನ ಮಗಳ ಬಾಯಿಗೆ ಒಂದು ಪ್ಯಾಚ್ ಹಾಕು."

"ಯಾರ ಕೈದು ಹಾಗಾಗಿರೋದು?" ಅಪ್ಪ ಕೇಳಿದ.

ಪಿಟೀಲು ಅನ್ನ ಅಗಿಯುತ್ತ ಕೂತಳು. ಯಾವತ್ತೂ ಇಲ್ಲದ್ದು, ಬಾಯಿ ಮುಚ್ಚಿಕೊಂಡು ಅಗಿದಳು.

"ಕೇಳ್ತಿದೀನಲ್ಲ, ಯಾರದ್ದು?"

"ಈಗ ಹೇಳ್ಬಾರ್ದಂತೆ. ಪ್ರದರ್ಶನದ ದಿನವೇ ಹೇಳ್ಬೇಕಂತೆ."

"ನಂದು ಹೇಗಿದೆ?" ಬಾಗಿಲ ಹೊರಗೆ ಗೋಡೆಗೊರಗಿ ಕೂತು ತನ್ನ ಗೂಡಿನ ತಟ್ಟೆಯಲ್ಲಿ ಉಣ್ಣುತ್ತಿದ್ದ ಅಮ್ಮ ಕೇಳಿದಳು.

"ನಿಂದು ಚೆನ್ನಾಗಿದೆ ಅಮ್ಮ. ಅಂಗಡಿಯಿಂದ ತಂದ ಹಾಗೇ ಇದೆ."

ಅಮ್ಮ ಆ ಸಂಜೆ ಪಾತ್ರೆ ತೊಳೆಯುವಾಗ ಏನೋ ಗುನುಗುತ್ತಿದ್ದಳು. ಅಜ್ಜಿ ಅದನ್ನು ಕೇಳಿಸಿಕೊಂಡು ಮಗನಿಗೆ ಹೇಳಿದಳು: "ಒಂದು ಬ್ರೆಡ್ಡಿಗೆ ಇಷ್ಟು ಮೆರೆಯೋರನ್ನ ನಾನು ನೋಡಿರಲಿಲ್ಲ."

ಪಿಟೀಲು ಹೇಳಿದ್ದು ಸುಳ್ಳು. ಬೆಕ್ಕಿನ ಮರಿಯ ಹೊಟ್ಟೆ ಅಮ್ಮನ ಬ್ರೆಡ್ಡಿನ ಮೇಲೆಯೇ ಬೆಳೆದಿತ್ತು. ಮೊದಲು ಐದು ಬೆರಳಿನ ಗುರುತಲ್ಲಿ ಐದು ಬಿಳಿ ಗೆರೆ, ಆಮೇಲೆ ಹಸಿರು, ಆಮೇಲೆ ಕಪ್ಪು. ಕೊನೆಗೆ ಬೆರಳು ಯಾವುದು ಅಂಗೈ ಯಾವುದು ತಿಳಿಯದಂತೆ ಎಲ್ಲ ಒಂದೇ ಕೊಳೆತ ಮುದ್ದೆಯಾಗಿತ್ತು. ಅಜ್ಜಿಯದರ ಮೂಲೆಯಲ್ಲಿ ನಾಲ್ಕಾರು ಚುಕ್ಕೆ. ಅಪ್ಪನದು ಒಣಗಿ ರಟ್ಟಾಗಿತ್ತು. ಚಿಕ್ಕಪ್ಪನದು, ಯಾರೂ ಮುಟ್ಟದ್ದು, ಎರಡೂ ಹಾಗೇ ಇದ್ದವು. ಪಿಟೀಲು ದಿನಾ ಹೋಗಿ ಅಮ್ಮನ ಕವರ್ ನೋಡುತ್ತಿದ್ದಳು. ನೋಡಬಾರದೆಂದುಕೊಂಡೇ ನೋಡುತ್ತಿದ್ದಳು. ಗೆಳತಿಯರು ಅದಕ್ಕೆ ಭೂತದ ಕೈ ಅಂತ ಹೆಸರಿಟ್ಟರು.

ಪ್ರದರ್ಶನದ ಹಿಂದಿನ ಮಧ್ಯಾಹ್ನ ಮಿಸ್ ಕವರುಗಳನ್ನು ಇಳಿಸಿ ಮೇಜಿನ ಮೇಲೆ ಜೋಡಿಸಿದರು. ಚೀಟಿ ಓದಿ ಅವರ ಹುಬ್ಬು ಗಂಟಾಯಿತು.

"ಇದೇನೇ, ಸೋಪಿನ ಕೈದೇ ಹೀಗಾಗಿದೆ? ನಿಮ್ಮಮ್ಮ ಕೈ ಒರೆಸ್ಕೊಂಡಿದ್ರಾ?"

"ಇಲ್ಲ ಮಿಸ್. ಮತ್ತೆ ಮತ್ತೆ ತೊಳೆದು ಹಾಗೇ ಒತ್ತಿದ್ರು."

"ಅದಕ್ಕೇ ಮತ್ತೆ. ಬ್ರೆಡ್ಡು ಒದ್ದೆಯಾದ್ರೆ ಬೂಷ್ಟು ಬರದೆ ಇರುತ್ತಾ? ಒಣಗಿದ ಕೈ, ಒಣಗಿದ ಕೈ ಅಂತ ಬಡ್ಕೊಂಡಿದ್ದೆ ನಾನು."

"ಹಾಗಿದ್ರೆ ಅದನ್ನೇ ಹೇಳ್ತೀನಿ ಮಿಸ್. ಕೊಳೆಯಿಂದ ಅಲ್ಲ, ನೀರಿಂದ ಬಂತು ಅಂತ."

ಮಿಸ್ ಗೋಡೆ ಕಡೆ ಕೈ ತೋರಿಸಿದರು. ಅಲ್ಲಿ ಥರ್ಮೋಕೋಲಿನಲ್ಲಿ ಕತ್ತರಿಸಿ ಅಂಟಿಸಿದ ದೊಡ್ಡ ಅಕ್ಷರಗಳಿದ್ದವು: ಸೋಪಿನಿಂದ ಕೈ ತೊಳೆಯಿರಿ, ರೋಗ ದೂರವಿಡಿ.

"ಇದರ ಕೆಳಗೆ ಆ ಕೊಳೆತಿದ್ದನ್ನ ಇಟ್ಟು, ಇದು ಸೋಪಿನ ಕೈ ಅಂತ ಹೇಳ್ತೀಯಾ? ಬಂದೋರು ನಗ್ತಾರೆ. ಹೆಡ್‌ಮಿಸ್ ನನ್ನ ಬಿಡ್ತಾರಾ?"

ಅವರು ಉಗುರಿನಿಂದ ಎರಡು ಚೀಟಿ ಎಬ್ಬಿಸಿದರು. ಅಜ್ಜಿಯದನ್ನು ಅಮ್ಮನದಕ್ಕೆ, ಅಮ್ಮನದನ್ನು ಅಜ್ಜಿಯದಕ್ಕೆ. ಅಂಟು ಸಾಲದೆ ಒಂದಿಷ್ಟು ಗೋಂದು ಹಚ್ಚಿ ಒತ್ತಿದರು. ಚುಕ್ಕೆ ಬಿದ್ದ ಮೂಲೆ ಕಾಣದಂತೆ ಕವರನ್ನು ಮಡಚಿಟ್ಟರು.

"ಪಾಠದಲ್ಲಿ ಇರೋದೇ ಸರಿ ಪುಟ್ಟಿ. ನಮ್ಮ ಬ್ರೆಡ್ಡೇ ತಪ್ಪು ಮಾಡಿದ್ದು," ಎಂದು ಅವಳ ಕೆನ್ನೆ ತಟ್ಟಿದರು.

ಮರುದಿನ ಶಾಲೆಯ ಅಂಗಳದ ತುಂಬ ಜನ. ಒಂದು ಮೇಜಿನಲ್ಲಿ ಮೊಳಕೆ ಕಾಳು, ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಬಲೂನಿನ ಶ್ವಾಸಕೋಶ. ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು, ದೊಡ್ಡವರು ಅರ್ಧ ಕೇಳಿ ಫೋಟೋ ತೆಗೆದುಕೊಂಡು ಮುಂದಿನ ಮೇಜಿಗೆ ಹೋಗುತ್ತಿದ್ದರು. ಬ್ರೆಡ್ಡಿನ ಮೇಜಿನ ಹತ್ತಿರ ಮಾತ್ರ ಗುಂಪು ಕರಗಲಿಲ್ಲ. ಅಸಹ್ಯವಾದದ್ದನ್ನು ನೋಡಲು ಜನ ಯಾವತ್ತೂ ಮುನ್ನುಗ್ಗುತ್ತಾರೆ. ಮೂಗು ಮುಚ್ಚಿಕೊಂಡು, ಇನ್ನೂ ಹತ್ತಿರ ಬಗ್ಗಿ ನೋಡುತ್ತಿದ್ದರು.

ಮನೆಯವರೆಲ್ಲ ಬಂದರು. ಅಜ್ಜಿ ಒಳ್ಳೆಯ ಬಟ್ಟೆ ಉಟ್ಟು ಮುಂದಿದ್ದಳು. ಅದೇ ಹೊತ್ತಿಗೆ ಹೆಡ್‌ಮಿಸ್ಸು ಮುಖ್ಯ ಅತಿಥಿಯನ್ನು ಕರೆದುಕೊಂಡು ಅಲ್ಲಿಗೆ ಬಂದರು.

"ಹೇಳು ಪುಟ್ಟಿ," ಅಂದರು ಮಿಸ್.

ಪಿಟೀಲು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಒಪ್ಪಿಸಿದಳು. "ನಮ್ಮ ಕೈಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿವೆ. ಇದು ಸೋಪಿನಿಂದ ತೊಳೆದ ನಮ್ಮ ಅಮ್ಮನ ಕೈ. ಬ್ರೆಡ್ಡು ಕೆಟ್ಟಿಲ್ಲ. ಇದು ತೊಳೆಯದ ನಮ್ಮ ಅಜ್ಜಿ ಕೈ."

ಅತಿಥಿ ಕವರನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು. ಹಳದಿ ನೀರು ಒಂದು ಮೂಲೆಯಿಂದ ಇನ್ನೊಂದಕ್ಕೆ ಜಾರಿತು.

"ಅಜ್ಜಿ ಕೈ ರುಚಿ ಅಂತಾರಲ್ಲ, ಇದೇ ನೋಡಿ," ಅಂದರು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. "ಎಲ್ಲಿ, ಬಂದಿದ್ದಾರಾ ಆ ಅಜ್ಜಿ?"

ಚಿಕ್ಕಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಪ್ಪ ಅಯಸ್ಕಾಂತದ ಮೇಜಿನ ಕಡೆ ತಿರುಗಿದ. ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತಳು. ಅಮ್ಮನ ಮುಖ ಅರಳಿತ್ತು. ಅವಳು ಅದನ್ನು ಮುಚ್ಚಿಡಲೂ ಇಲ್ಲ.

ಮನೆಗೆ ಬಂದವಳೇ ಅಜ್ಜಿ ನಲ್ಲಿ ಬಿಟ್ಟು ಕೈ ಉಜ್ಜಲು ನಿಂತಳು. ಬಟ್ಟೆ ಸೋಪು, ಪಾತ್ರೆ ಪುಡಿ, ಕೊನೆಗೆ ಕಕ್ಕಸಿಗೆ ಹಾಕುವ ಔಷಧಿ. ಅಂಗೈ ಕೆಂಪಾಗಿ ಬಿರಿಯಿತು. ಆ ಸಂಜೆಯ ಅಡುಗೆಯನ್ನು ಅವಳೇ ಮಾಡಿದಳು, ಯಾರೂ ಸರಿಯಾಗಿ ಉಣ್ಣಲಿಲ್ಲ.

"ನಂಗೆ ಹಸಿವಿಲ್ಲ," ಅಂದ ಅಪ್ಪ. ಅವನ ಅಂಗಿಯಿಂದ ಹೋಟೆಲಿನ ಎಣ್ಣೆ ವಾಸನೆ ಬರುತ್ತಿತ್ತು.

ಚಿಕ್ಕಪ್ಪ ಹೋಳುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಅತ್ತಿಗೆ, ನಾಳೆಯಿಂದ ನೀವೇ ಮಾಡ್ಬಿಡಿ. ನಂಗೆ ಆ ಹಸಿರೇ ಕಣ್ಮುಂದೆ ಬರುತ್ತೆ."

"ಇಷ್ಟು ವರ್ಷ ಇದೇ ಕೈಲಿ ತಿಂದು ಬೆಳೆದಿದೀಯ ಕಣೋ," ಅಂದಳು ಅಜ್ಜಿ.

"ಆವಾಗ ನೋಡಿರಲಿಲ್ವಲ್ಲ."

ಮರುದಿನ ಬೆಳಿಗ್ಗೆ ಅಮ್ಮ ಅಡುಗೆಮನೆಗೆ ಹೋದಳು. ಯಾರೂ ತಡೆಯಲಿಲ್ಲ. ಮಸಿಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದಳು, ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದಳು, ಮಗಳಿಗೆ ಆಲೂಗಡ್ಡೆ ಹುರಿದು ಅನ್ನದ ಜೊತೆ ಡಬ್ಬಿ ಕಟ್ಟಿದಳು. ಸುಳ್ಳೇಕೆ, ಅವಳಿಗೆ ಖುಷಿಯಾಗಿತ್ತು. ಅಜ್ಜಿ ಹಜಾರದ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸಲು ಕೈ ಚಾಚಿದಾಗ, "ಬೇಡ ಅತ್ತೆ, ನಾನು ಮಾಡ್ಕೊಳ್ತೀನಿ," ಎಂದು ಬುಟ್ಟಿ ಎತ್ತಿಕೊಂಡು ಒಳಗೆ ನಡೆದಳು. ಆ ಧ್ವನಿಯಲ್ಲಿದ್ದ ಸಿಹಿ ಅಜ್ಜಿಗೂ ತಿಳಿಯಿತು, ಅವಳಿಗೂ ತಿಳಿದಿತ್ತು.

ಆ ವಾರವೇ ಇನ್ನೂ ಒಂದೆರಡು ಸಂಗತಿ ಕಂಡವು. ಅಜ್ಜಿ ತಂದಿಟ್ಟ ನೀರನ್ನು ಚಿಕ್ಕಪ್ಪ ಸಿಂಕಿಗೆ ಸುರಿದು, ಲೋಟ ತೊಳೆದು, ಬೇರೆ ನೀರು ತುಂಬಿಕೊಂಡ. ಅಪ್ಪ ತಾಯಿ ಕೊಟ್ಟ ಬಾಳೆಹಣ್ಣನ್ನು, ಸಿಪ್ಪೆ ಇದ್ದ ಹಣ್ಣನ್ನು, ಆಮೇಲೆ ತಿಂತೀನಿ ಎಂದು ಕಿಟಕಿಯ ಮೇಲಿಟ್ಟು ಅಂಗಡಿಗೆ ಹೋದ. ಒಂದು ಸಂಜೆ ಅಮ್ಮ ಲಾಡ್ಜಿನಿಂದ ಬಂದು ನೋಡಿದರೆ ಕಿಟಕಿ ಪಕ್ಕದ ಗೂಡಿನಲ್ಲಿ ಅಜ್ಜಿಯ ಲೋಟ, ತಟ್ಟೆ ಕೂತಿದ್ದವು.

"ಯಾರಿಟ್ಟಿದ್ದು ಇಲ್ಲಿ?"

"ನಾನೇ," ಅಂದ ಚಿಕ್ಕಪ್ಪ, ಮೊಬೈಲಿನಿಂದ ತಲೆ ಎತ್ತದೆ. "ಗೂಡು ಖಾಲಿ ಇತ್ತಲ್ಲ."

ಅಮ್ಮ ಗೂಡನ್ನೇ ನೋಡಿದಳು. ಇದೇ ಗೂಡಿನಲ್ಲಿ ತನ್ನ ತಟ್ಟೆ ಇದ್ದಾಗಲೂ ಇವನು ಹೀಗೆಯೇ ತಲೆ ಎತ್ತದೆ ಮಾತಾಡಿದ್ದ. ಅವಳು ಮಗಳ ಚೀಲ ಬಿಚ್ಚಿ ಡಬ್ಬಿ ತೆಗೆದಳು. ಡಬ್ಬಿ ಭಾರವಾಗಿತ್ತು. ಮುಚ್ಚಳ ತೆಗೆದರೆ ಆಲೂಗಡ್ಡೆ ಇಟ್ಟಲ್ಲಿ ಇಟ್ಟ ಹಾಗೇ ಇತ್ತು. ನಿನ್ನೆ ಹೊಟ್ಟೆ ನೋವು ಅಂದಿದ್ದಳು. ಮೊನ್ನೆ ಆಟದಲ್ಲಿ ಮರೆತೆ ಅಂದಿದ್ದಳು.

ಪಿಟೀಲನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು.

"ಏನಾಗಿದೆಯೇ ನಿಂಗೆ? ಊಟ ಚೆನ್ನಾಗಿಲ್ವಾ?"

"ಚೆನ್ನಾಗಿದೆ."

"ತಿನ್ನದೇ ಹೇಗೆ ಗೊತ್ತಾಯ್ತು?"

ಪಿಟೀಲು ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಅಮ್ಮ ಅವಳ ಗಲ್ಲ ಹಿಡಿಯಲು ಹೋದಾಗ ತಲೆ ಹಿಂದಕ್ಕೆ ಎಳೆದುಕೊಂಡಳು. ಅಷ್ಟೇ. ಅಮ್ಮನ ಕೈ ಗಾಳಿಯಲ್ಲಿ ನಿಂತಿತು.

"ಅದು ನಿಂದು ಅಮ್ಮ," ಅಂದಳು ಪಿಟೀಲು, ಅಳಲು ಶುರುಮಾಡಿ. "ಆ ಕೊಳೆತಿದ್ದು ನಿಂದು. ಮಿಸ್ ಚೀಟಿ ಬದಲಾಯಿಸಿದ್ರು. ನಾನು ದಿನಾ ನೋಡಿದೀನಿ. ನಿನ್ನ ಬೆರಳಲ್ಲೇ ಬಂತು ಮೊದಲು. ನೀರಿಂದ ಬಂದಿದ್ದು, ಕೊಳೆಯಿಂದಲ್ಲ ಅಂತ ಮಿಸ್ಸೇ ಹೇಳಿದ್ರು. ನಂಗೆ ಗೊತ್ತು ಅಮ್ಮ. ಆದ್ರೂ ಡಬ್ಬಿ ತೆಗೆದ ತಕ್ಷಣ ಅದೇ ಕಾಣುತ್ತೆ, ವಾಕರಿಕೆ ಬರುತ್ತೆ."

ಅಮ್ಮ ಮಗಳ ಮುಖವನ್ನು ಅವಳದೇ ಫ್ರಾಕಿನ ತುದಿಯಿಂದ ಒರೆಸಿದಳು.

"ಇದನ್ನ ಇನ್ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ಅಜ್ಜಿ ಮತ್ತೆ ನಿನ್ನ ಹೊರಗೆ ಕೂರಿಸ್ತಾಳೆ."

"ಕೂರಿಸ್ಲಿ ನೋಡೋಣ. ಏಳು, ಊಟಕ್ಕೆ ಹೊತ್ತಾಯ್ತು."

ಎಲ್ಲರೂ ಊಟಕ್ಕೆ ಕೂತರು. ಅಜ್ಜಿ ತನ್ನ ಗೂಡಿನ ತಟ್ಟೆ ತಂದುಕೊಂಡು, ಬಾಗಿಲ ಹೊರಗೆ, ಸೊಸೆ ಕೂರುತ್ತಿದ್ದ ಗೋಡೆಗೆ ಒರಗಿ ಕೂತಿದ್ದಳು. ಯಾರೂ ಅಲ್ಲಿ ಕೂರು ಎಂದಿರಲಿಲ್ಲ. ಯಾರೂ ಒಳಗೆ ಬಾ ಎಂದೂ ಕರೆದಿರಲಿಲ್ಲ.

ಅಮ್ಮ ಅನ್ನದ ಪಾತ್ರೆ ಹಿಡಿದು ನಿಂತೇ ಹೇಳಿದಳು. "ಒಂದು ಮಾತು. ಶಾಲೇಲಿ ನೋಡಿದ್ರಲ್ಲ, ಆ ಕೊಳೆತ ಬ್ರೆಡ್ಡು. ಅದು ಅತ್ತೆದಲ್ಲ. ನಂದು. ಮಿಸ್ಸು ಚೀಟಿ ಬದಲಾಯಿಸಿದಾರೆ."

ಚಿಕ್ಕಪ್ಪ ತಟ್ಟೆಗೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದ. ಎಷ್ಟು ಬೇಗ ತೆಗೆದನೆಂದರೆ, ಬೆರಳಿಗೆ ಅಂಟಿದ್ದ ಅನ್ನ ನೆಲಕ್ಕೆ ಬಿತ್ತು.

"ಏನು?" ಅಂದಳು ಅಜ್ಜಿ ಬಾಗಿಲಿಂದ.

"ನಾನು ಕೈ ತೊಳೆದು ಒದ್ದೇಲೇ ಒತ್ತಿದ್ದೆ. ನೀರು ಕೂತು ಬೂಷ್ಟು ಬಂತು. ನೀವು ಒರೆಸ್ಕೊಂಡಿದ್ರಿ, ನಿಮ್ಮದು ಉಳೀತು."

ಅಜ್ಜಿ ಗೋಡೆ ಹಿಡಿದು ಎದ್ದಳು. ಬಾಗಿಲು ದಾಟಿ ಒಳಗೆ ಬಂದಳು. "ನಾನು ಅವತ್ತೇ ಹೇಳಿರಲಿಲ್ವಾ? ಹೇಳಿದ್ನೋ ಇಲ್ವೋ? ಈ ಮುದುಕಿ ಕೈ ಚೆನ್ನಾಗಿಯೇ ಇತ್ತು."

"ಚೆನ್ನಾಗಿತ್ತು ಅಂತಲ್ಲ ಅತ್ತೆ, ಒಣಗಿತ್ತು."

"ನೀರು ಅಂತೆ, ಒಣಗು ಅಂತೆ. ಲಾಡ್ಜಿನ ಬಚ್ಚಲಲ್ಲಿ ಮುಳುಗಿದ ಕೈ ಅದು. ಕೊಡು ಇಲ್ಲಿ ಪಾತ್ರೆ. ನಾಳೆಯಿಂದ ಮಗೂ ಡಬ್ಬಿ ನಾನೇ ಕಟ್ತೀನಿ."

"ಇಲ್ಲ," ಅಂದಳು ಅಮ್ಮ. ಪಾತ್ರೆ ಕೊಡಲಿಲ್ಲ. "ಬೆಳಗಿನ ಅಡುಗೆ ನಂದು, ಸಂಜೇದು ಬೇಕಾದ್ರೆ ನೀವು ಮಾಡಿ. ಆದ್ರೆ ಅವಳ ಡಬ್ಬಿ ನಾನೇ ಕಟ್ಟೋದು."

"ನಾನು ಒಪ್ಪದೆ ಹೋದ್ರೆ?"

"ನಿಮ್ಮನ್ನ ಕೇಳ್ತಿಲ್ಲ, ಹೇಳ್ತಿದೀನಿ. ಕೇಳೋಳಾಗಿದ್ರೆ ಈ ಮಾತೇ ಎತ್ತದೆ ಸುಮ್ಮನಿರ್ತಿದ್ದೆ. ಡಬ್ಬಿ ಹೇಗೂ ನನ್ನ ಕೈಗೆ ಬಂದಿತ್ತಲ್ಲ."

ಅಪ್ಪ ಎರಡೂ ಕಡೆ ನೋಡಿ ಗಂಟಲು ಸರಿಮಾಡಿಕೊಂಡ. "ಹೋಗ್ಲಿ ಬಿಡಿ, ಒಂದು ತುಂಡು ಬ್ರೆಡ್ಡಿಗೆ ಯಾಕಿಷ್ಟು ರಂಪ."

"ನೀವು ಮಾತಾಡ್ಬೇಡಿ," ಅಂದಳು ಅಮ್ಮ. "ಆ ಬ್ರೆಡ್ಡು ನೋಡಿ ನಂಗೆ ಹೇಸಿಗೆ ಆಗಲಿಲ್ಲ ರೀ. ದಿನಾ ಅದಕ್ಕಿಂತ ಕೆಟ್ಟದ್ದು ಎತ್ತಿ ಹಾಕ್ತೀನಿ ನಾನು. ನಿಮ್ಮಿಬ್ಬರನ್ನ ನೋಡಿ ಹೇಸಿಗೆ ಆಯ್ತು. ನನ್ನ ತಟ್ಟೆ ಗೂಡಿಗೆ ಹೋದಾಗಲೂ ಬಾಯಿ ಬಿಡಲಿಲ್ಲ, ಹೆತ್ತ ತಾಯಿ ತಟ್ಟೆ ಹೋದಾಗಲೂ ಬಿಡಲಿಲ್ಲ. ಸಿಪ್ಪೆ ಇದ್ದ ಬಾಳೆಹಣ್ಣನ್ನೂ ತಿನ್ನಲಿಲ್ಲ ನೀವು. ಪಂಕ್ಚರ್ ಅಂಗಡಿ ಗ್ರೀಸು ಉಗುರಲ್ಲಿ ಇಟ್ಕೊಂಡು."

ಅಪ್ಪ ಉಗುರು ಮಡಚಿಕೊಂಡ. ಅಜ್ಜಿ ಮಗನನ್ನು ನೋಡಿದಳು, ಆಮೇಲೆ ಚಿಕ್ಕವನನ್ನು. ಚಿಕ್ಕಪ್ಪ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಏಳುವುದರಲ್ಲಿದ್ದ.

"ಎಲ್ಲಿಗೋ?" ಅಂದಳು ಅಜ್ಜಿ.

"ಹೊರಗೆ ತಿನ್ಕೊಂಡು ಬರ್ತೀನಮ್ಮ. ಈಗ ಯಾರ ಕೈದೂ ಬೇಡ ಅನ್ನಿಸ್ತಿದೆ."

"ಹೋಗು. ನಾಳೇನೂ ಹೊರಗೇ ತಿನ್ನು, ನಾಡಿದ್ದೂ ಹೊರಗೇ ತಿನ್ನು. ಅಲ್ಲಿ ಯಾರ ಕೈ ಎಲ್ಲಿತ್ತು ಅಂತ ಕೇಳ್ಕೊಂಡು ತಿನ್ನು."

ಚಿಕ್ಕಪ್ಪ ಮತ್ತೆ ಕೂತ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಗೂಡಿನ ಲೋಟವನ್ನು ಯಾರು ತೆಗೆದರೋ, ಬೆಳಿಗ್ಗೆ ಅದು ಎಲ್ಲ ಲೋಟಗಳ ಜೊತೆಗಿತ್ತು.

ಅಮ್ಮ ಹೇಳಿದಂತೆಯೇ ಡಬ್ಬಿ ಕಟ್ಟಿದಳು. ಅಜ್ಜಿ ಬಾಗಿಲಲ್ಲಿ ನಿಂತು, ಕೆಟ್ಟ ವಾಸನೆ ಬಂದವಳಂತೆ ಮುಖ ಹಿಂಡಿಕೊಂಡು, ಅನ್ನ ಜಾಸ್ತಿಯಾಯಿತು, ಉಪ್ಪು ನೋಡಿದೆಯಾ, ಮುಚ್ಚಳ ಸರಿಯಾಗಿ ಹಾಕು ಎನ್ನುತ್ತಲೇ ಇದ್ದಳು. ಪಿಟೀಲು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಹಿಡಿಯನ್ನು ಮಾತ್ರ ಮುಟ್ಟಿದಳು.

ಸಂಜೆ ಅಮ್ಮ ಬರುವ ಹೊತ್ತಿಗೆ ಅಜ್ಜಿ ಡಬ್ಬಿ ತೆಗೆದು ಮುಂದಿಟ್ಟುಕೊಂಡು ಕೂತಿದ್ದಳು. ಮೇಲಿನ ಒಂದೆರಡು ತುತ್ತು ಅನ್ನ ಮಾತ್ರ ಹೋಗಿತ್ತು. ಆಲೂಗಡ್ಡೆ ಮುಟ್ಟಿರಲಿಲ್ಲ. ಪಿಟೀಲು ಕಂಬದ ಮರೆಯಲ್ಲಿ ನಿಂತಿದ್ದಳು.

"ತಿಂದಿಲ್ಲ ನಿನ್ನ ಮಗಳು," ಅಂದಳು ಅಜ್ಜಿ.

"ನಂಗೊತ್ತು," ಅಂದಳು ಅಮ್ಮ. "ಕೊಡಿ, ಚೆಲ್ತೀನಿ."

"ಯಾಕೆ ಮಗೂ ತಿನ್ನಲ್ಲ? ನಾನು ಕಟ್ಟಿದಾಗ ತಿಂತಿತ್ತಲ್ಲ."

"ಅವಳಿಗೂ ಅಸಹ್ಯ ಆಗುತ್ತಂತೆ ಅತ್ತೆ. ನನ್ನ ಕೈ."

ಅಮ್ಮ ಬೇಗ ಚಪ್ಪಲಿ ಬಿಡುವ ನೆವ ಮಾಡಿ ಬಗ್ಗಿದಳು. ಅಜ್ಜಿ ಏನಾದರೂ ಚುಚ್ಚುತ್ತಾಳೆಂದು ಕಾದಳು. ಅಜ್ಜಿ ಕಂಬದ ಕಡೆ ನೋಡಿದಳು, ಡಬ್ಬಿ ನೋಡಿದಳು.

"ಚೆಲ್ಲೋದ್ಯಾಕೆ. ನಂಗೆ ಹಸಿವಾಗಿದೆ. ತಟ್ಟೆ ತಾ."

ಬೆಳಗಿನದು ಆರಿ ತಣ್ಣಗಾದ ಆಲೂಗಡ್ಡೆ. ಅಜ್ಜಿ ಒಂದು ಹೋಳು ಬಾಯಿಗಿಟ್ಟು, ಔಷಧಿ ನುಂಗುವವಳ ಮುಖ ಮಾಡಿಕೊಂಡು, ನಿಧಾನವಾಗಿ, ಕಂಬದ ಕಡೆಗೇ ತಿರುಗಿ ಅಗಿದಳು. ನುಂಗಿದಳು. ಇನ್ನೊಂದು ತೆಗೆದುಕೊಂಡಳು. ಚಪ್ಪರಿಸುವ ಸದ್ದು ಬೇಕೆಂದೇ ದೊಡ್ಡದಾಗಿತ್ತು.

ಪಿಟೀಲು ಅಜ್ಜಿಯ ಬಾಯನ್ನೇ ನೋಡುತ್ತ ಹತ್ತಿರ ಬಂದಳು.

"ಏನೇ ನೋಡ್ತೀಯ? ತಿನ್ನೋರನ್ನ ನೋಡಿಲ್ವಾ ಯಾವತ್ತೂ?"

"ಏನೂ ಆಗಲ್ವಾ ಅಜ್ಜಿ?"

"ಆದ್ರೆ ನಂಗಾಗುತ್ತೆ, ನಿಂಗೇನು. ಮುಗೀತಾ ಬಂತು, ಬೇಕಾದ್ರೆ ಕೂತ್ಕೋ."

ಪಿಟೀಲು ಕೂತಳು. ತಟ್ಟೆಯಲ್ಲಿ ಮೂರು ಹೋಳು ಉಳಿದಿದ್ದವು. ಅವಳು ಎಲ್ಲಕ್ಕಿಂತ ಸಣ್ಣದನ್ನು ಆರಿಸಿ ಎತ್ತಿಕೊಂಡಳು.